ಗೋಡೆಯೊಳಗೆ ಯಾವ ಲೋಹ?

ಹೋದ ಭಾನುವಾರ ನಮ್ಮ ಬಡಾವಣೆಯ ಸಭಾಂಗಣದಲ್ಲಿ, ಮನೆ ಕಟ್ಟಿಸುತ್ತಿರುವವರಿಗಾಗಿ, ನೀರಿನ ಪೈಪ್‌ಗಳನ್ನು ಜೋಡಿಸುವ ಫಿಟ್ಟಿಂಗ್‌ಗಳ ಲೋಹದ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಬರಲಾಗದವರು ಬರೆದು ಕೊಡಿ ಎಂದು ಕೇಳಿದರು. ಆಡಿದ ಮಾತನ್ನು ಹೆಚ್ಚು ತಿದ್ದದೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಇದನ್ನು ಕೈಯಲ್ಲಿ ಹಿಡಿದು ನೋಡಿ, ನೋಡಿದವರು ಪಕ್ಕದವರಿಗೆ ಕೊಡಿ. ಇದು ಅರ್ಧ ಇಂಚಿನ ಜಿಐ ಎಲ್ಬೋ, ಅಂದರೆ ಸತು ಬಳಿದ ಕಬ್ಬಿಣದ, ಪೈಪನ್ನು ಮೂಲೆಯಲ್ಲಿ ತಿರುಗಿಸುವ ತುಂಡು. ಉದ್ದಕ್ಕೆ ಸೀಳಿಸಿದ್ದೇನೆ. ಹೊರಗಿನಿಂದ ಏನೂ ಆಗಿಲ್ಲ, ಬೂದು ಬಣ್ಣ ಹಾಗೇ ಇದೆ, ತೂಕವೂ ಇದೆ. ಒಳಗೆ ನೋಡಿ. ಕೆಂಪು ಮಣ್ಣಿನ ಗಡ್ಡೆಗಳ ಹಾಗೆ ತುಕ್ಕು ಬೆಳೆದು ನಿಂತಿದೆ. ನಡುವೆ ಉಳಿದಿರುವ ದಾರಿಯಲ್ಲಿ ಪೆನ್ಸಿಲ್ ತೂರಿಸಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. 22 ವರ್ಷ ಒಂದು ಮನೆಯ ಬಚ್ಚಲಿನ ಗೋಡೆಯೊಳಗೆ ಇದ್ದದ್ದು ಇದು. ಆ ಮನೆಯವರು ನನ್ನನ್ನು ಕರೆದದ್ದು "ನಲ್ಲೀಲಿ ಪ್ರೆಷರ್ ಇಲ್ಲ, ಒಂದು ಪಂಪ್ ಹಾಕಿಕೊಡಿ" ಅಂತ. ಪಂಪ್ ಹಾಕಿದ್ದರೆ ಈ ತುಕ್ಕು ಕಿತ್ತು ಬಂದು ನಲ್ಲಿಯ ಬಾಯಿಗೆ ಅಡ್ಡ ಕೂರುತ್ತಿತ್ತು, ಅಷ್ಟೇ.

ಈಗಿನ ಮನೆಗಳಲ್ಲಿ ಪೈಪ್ ಪೂರ್ತಿ ಪ್ಲಾಸ್ಟಿಕ್ ಅಲ್ವಾ, ಲೋಹದ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಪೈಪ್ ಪ್ಲಾಸ್ಟಿಕ್ ನಿಜ. ಆದರೆ ಅದು ನಲ್ಲಿಗೆ ಬಂದು ಸೇರುವ ಜಾಗದಲ್ಲಿ ಲೋಹ ಇದೆ, ಗೀಸರ್‌ಗೆ ಹೋಗುವ ಜಾಗದಲ್ಲಿ ಇದೆ, ಸೋಲಾರ್‌ನಿಂದ ಇಳಿಯುವ ಜಾಗದಲ್ಲಿ, ಸಂಪಿನ ಪಂಪಿನ ಬಾಯಿಯಲ್ಲಿ, ಟ್ಯಾಂಕಿನ ವಾಲ್ವ್‌ನಲ್ಲಿ ಇದೆ. ನಾನು ಇಷ್ಟು ವರ್ಷದಲ್ಲಿ ಒಡೆಸಿರುವ ಗೋಡೆಗಳನ್ನು ನೆನಪು ಮಾಡಿಕೊಂಡರೆ, ನೇರ ಪೈಪ್ ಸೋರಿದ್ದು ತೀರಾ ಕಡಿಮೆ. ಸೋರಿದ್ದೆಲ್ಲ ಜಾಯಿಂಟ್‌ನಲ್ಲಿ, ಅದರಲ್ಲೂ ಒಂದು ಲೋಹ ಇನ್ನೊಂದನ್ನು ಮುಟ್ಟುವ ಕಡೆ. ಹಾಗಾಗಿ ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಫಿಟ್ಟಿಂಗ್ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದರೊಳಗೆ ಹರಿಯುವ ನೀರು ಎಂಥದ್ದು? ಇದರ ಪಕ್ಕದಲ್ಲಿ ಕೂರುವ ಲೋಹ ಯಾವುದು? ಬೆಲೆ, ಹೊಳಪು, ಬ್ರ್ಯಾಂಡ್ ಎಲ್ಲ ಆಮೇಲೆ.

ಎರಡನೇ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ನನ್ನ ಸ್ವಂತ ಮನೆಯಲ್ಲಿ. 1999ರಲ್ಲಿ ಕಟ್ಟಿಸಿದ್ದು. ಬಿಸಿನೀರಿನ ಲೈನ್ ಗೋಡೆಯಿಂದ ಹೊರಗೆ ಬರುವ ತುದಿಯಲ್ಲಿ ಎರಡು ಇಂಚು ಉದ್ದದ ಜಿಐ ನಿಪ್ಪಲ್, ಅಂದರೆ ಥ್ರೆಡ್ ಇರುವ ಗಿಡ್ಡ ಪೈಪ್ ತುಂಡು, ಅದರ ಆಚೆ ಈಚೆ ಹಿತ್ತಾಳೆ. ಆಗ ಸುತ್ತಮುತ್ತ ಎಲ್ಲರೂ ಹಾಕುತ್ತಿದ್ದದ್ದು ಹಾಗೆಯೇ. ನಾಲ್ಕನೇ ವರ್ಷ ಬಚ್ಚಲಿನ ಹಿಂದಿನ ಕೋಣೆಯಲ್ಲಿ, ಮಗಳ ಪುಸ್ತಕದ ಕಪಾಟಿನ ಹಿಂದೆ, ಅಂಗೈಯಗಲ ತೇವ ಕಂಡಿತು. ಮಳೆ ನೀರಿನ ತೇವ ಅಂದುಕೊಂಡು ಪೇಂಟ್ ಹೊಡೆಸಿದೆವು. ಆರು ತಿಂಗಳಲ್ಲಿ ಕಪಾಟಿನ ಕೆಳಗಿನ ಎರಡು ಸಾಲು ಪುಸ್ತಕ ಬೂಸ್ಟು ಹಿಡಿದು ಹೋಯಿತು. ಗೋಡೆ ಒಡೆಸಿದಾಗ ನಿಪ್ಪಲ್‌ನ ಥ್ರೆಡ್ ಜಾಗ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಅಕ್ಕಪಕ್ಕದ ಹಿತ್ತಾಳೆ ಹೊಸದರ ಹಾಗೆ ಇತ್ತು. ಆ ನಿಪ್ಪಲ್ ಹತ್ತು ರೂಪಾಯಿಯೊಳಗಿನದು. ಟೈಲ್ಸ್, ಗಾರೆ, ಪೇಂಟ್, ಕೂಲಿ ಸೇರಿ ಏಳು ಸಾವಿರ ಆಯಿತು, ಪುಸ್ತಕಗಳು ಮಾತ್ರ ವಾಪಸ್ ಬರಲಿಲ್ಲ.

ಯಾಕೆ ಹೀಗಾಗುತ್ತದೆ? ಟಾರ್ಚಿಗೆ ಹಾಕುವ ಹಳೇ ಕಾಲದ ಸೆಲ್ ನೆನಪಿದೆಯಾ? ಅದರ ಒಳಗಿನ ಡಬ್ಬಿ ಸತುವಿನದು. ಸೆಲ್ ಕೆಲಸ ಮಾಡಿದಷ್ಟೂ ಸತು ಕರಗುತ್ತದೆ, ಕೊನೆಗೆ ತೂತಾಗಿ ಅಂಟು ಸೋರಿ ಟಾರ್ಚೇ ಹಾಳಾಗುತ್ತದೆ. ನೀರಿನಲ್ಲಿ ಎರಡು ಬೇರೆ ಲೋಹ ಮುಟ್ಟಿಕೊಂಡು ಕೂತರೆ ಅಲ್ಲೂ ಒಂದು ಪುಟ್ಟ ಸೆಲ್ ತಯಾರಾಗುತ್ತದೆ. ಎರಡರಲ್ಲಿ ಮೆತ್ತನೆ ಸ್ವಭಾವದ್ದು, ಅಂದರೆ ಬೇಗ ಕರಗುವ ಗುಣದ್ದು, ತಾನು ಕರಗಿ ಇನ್ನೊಂದನ್ನು ಉಳಿಸುತ್ತದೆ. ಸತು, ಆಮೇಲೆ ಕಬ್ಬಿಣ, ಆಮೇಲೆ ಹಿತ್ತಾಳೆ, ತಾಮ್ರ, ಸ್ಟೇನ್‌ಲೆಸ್ ಸ್ಟೀಲ್, ಈ ಸಾಲಿನಲ್ಲಿ ಮುಂದಿರುವುದು ಮೊದಲು ಸವೆಯುತ್ತದೆ. ಇದರಲ್ಲಿ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಉದ್ದದ ಜಿಐ ಲೈನಿನಲ್ಲಿ ಒಂದು ಹಿತ್ತಾಳೆ ವಾಲ್ವ್ ಇದ್ದರೆ ಅಂಥ ತೊಂದರೆ ಇಲ್ಲ, ಏಟು ಇಡೀ ಪೈಪಿಗೆ ಹಂಚಿಹೋಗುತ್ತದೆ. ಎರಡು ದೊಡ್ಡ ಹಿತ್ತಾಳೆ ಅಥವಾ ತಾಮ್ರದ ನಡುವೆ ಎರಡು ಇಂಚಿನ ಕಬ್ಬಿಣ ಸಿಕ್ಕಿಕೊಂಡರೆ ಅದರ ಗತಿ ಮುಗಿಯಿತು. ನಮ್ಮ ಮನೆಯಲ್ಲಿ ಆದದ್ದು ಅದೇ.

ಜಿಐ ವಿಷಯಕ್ಕೇ ಬರೋಣ, ಯಾಕೆಂದರೆ ಹಳೇ ಮನೆ ಕೊಂಡವರು ಇಲ್ಲಿ ಜಾಸ್ತಿ ಇದ್ದೀರಿ. ಜಿಐ ಅಂದರೆ ಕಬ್ಬಿಣಕ್ಕೆ ಸತುವಿನ ಕಲಾಯಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಅದು ತವರ. ತವರ ಬರೀ ಹೊದಿಕೆ, ಎಲ್ಲಿ ಸವೆಯುತ್ತದೋ ಅಲ್ಲಿ ಹುಳಿ ನೇರವಾಗಿ ಹಿತ್ತಾಳೆಗೆ ತಾಗುತ್ತದೆ. ಸತು ಹಾಗಲ್ಲ. ಅಲ್ಲಲ್ಲಿ ಗೀರು ಬಿದ್ದರೂ ಸುತ್ತಲಿನ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಒಳ್ಳೆಯ ಉಪಾಯ, ಆದರೆ ಅದಕ್ಕೆ ಆಯಸ್ಸು ಇದೆ. ಸತು ಮುಗಿದ ದಿನ ಕಾವಲೂ ಮುಗಿಯಿತು.

ಮೊದಲು ಮುಗಿಯುವುದು ಥ್ರೆಡ್‌ನಲ್ಲಿ. ಡೈ ಎಂಬ ಕೊರೆಯುವ ಉಪಕರಣ ಹಾಕಿ ಥ್ರೆಡ್ ಹೊಡೆಯುವಾಗ ಸತುವೂ ಹೋಗುತ್ತದೆ, ಪೈಪಿನ ದಪ್ಪವೂ ಹೋಗುತ್ತದೆ. ಲೆಕ್ಕ ಕೇಳಿ. ಅರ್ಧ ಇಂಚಿನ ಜಿಐ ಪೈಪ್ ಮೂರು ತರಗತಿಯಲ್ಲಿ ಬರುತ್ತದೆ, ಐಎಸ್ 1239 ಅನ್ನುವ ಮಾನದಂಡ ಅದಕ್ಕೆ. ಹಳದಿ ಪಟ್ಟಿ ಇದ್ದರೆ ಲೈಟ್, ಗೋಡೆಯ ದಪ್ಪ 2 ಮಿಲಿಮೀಟರ್. ನೀಲಿ ಪಟ್ಟಿ ಮೀಡಿಯಂ, 2.6. ಕೆಂಪು ಹೆವಿ, 3.2. ಥ್ರೆಡ್‌ನ ಆಳ 1.16 ಮಿಲಿಮೀಟರ್. ಹಳದಿ ಪಟ್ಟಿಯ ಪೈಪಿಗೆ ಥ್ರೆಡ್ ಹೊಡೆದ ಮೇಲೆ ಆ ಕಚ್ಚಿನ ಬುಡದಲ್ಲಿ ಉಳಿಯುವುದು ಒಂದು ಮಿಲಿಮೀಟರ್‌ಗೂ ಕಡಿಮೆ, ಅದೂ ಸತು ಇಲ್ಲದ ಬರೀ ಕಬ್ಬಿಣ. ಅಂಗಡಿಯಲ್ಲಿ ಲೈಟ್ ಮತ್ತು ಮೀಡಿಯಂ ನಡುವೆ ಉಳಿಸುವ ಹಣ ಆ ಒಂದು ಕಚ್ಚಿನಲ್ಲಿ ಹೋಗುತ್ತದೆ. ಜಿಐ ಹಾಕಲೇಬೇಕಾದರೆ ನೀಲಿಗಿಂತ ಕೆಳಗೆ ಇಳಿಯಬೇಡಿ. ಹೊರಗೆ ಕಾಣುವ ಥ್ರೆಡ್‌ಗೆ ಸತುವಿನ ಪೇಂಟ್ ಬಳಿಸಿ, ಐದು ನಿಮಿಷದ ಕೆಲಸ.

ಬಿಸಿನೀರಿಗೆ ಮಾತ್ರ ಜಿಐ ಬೇಡವೇ ಬೇಡ. ನೀರು ಸುಮಾರು 60 ಡಿಗ್ರಿ ದಾಟಿದರೆ, ಕೆಲವು ಥರದ ನೀರಿನಲ್ಲಿ ಸತುವಿನ ಸ್ವಭಾವವೇ ತಿರುಗಿಬಿಡುತ್ತದೆ. ಕಬ್ಬಿಣವನ್ನು ಕಾಯಬೇಕಾದದ್ದು ಕಬ್ಬಿಣವನ್ನೇ ತಿನ್ನಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು ಅಷ್ಟು ಬಿಸಿ ಆಗುವುದು ಏನೂ ಅಪರೂಪ ಅಲ್ಲ, ಬೆಂಗಳೂರಿನಲ್ಲಂತೂ ಬೀದಿಗೆ ಹತ್ತು ಸೋಲಾರ್ ಇವೆ. ಇನ್ನೊಂದು, ತಾಮ್ರದ ಟ್ಯಾಂಕ್ ಇರುವ ಗೀಸರ್ ಆದಮೇಲೆ ಜಿಐ ಲೈನ್ ಬರಬಾರದು. ತಾಮ್ರದಿಂದ ಚೂರೇ ಚೂರು ಕರಗಿ ಬಂದು ಮುಂದಿನ ಸತುವಿನ ಮೇಲೆ ಕೂರುತ್ತದೆ, ಕೂತ ಕಡೆಯೆಲ್ಲ ಒಂದೊಂದು ಪುಟ್ಟ ಸೆಲ್, ಒಂದೊಂದು ತೂತು. ನೀರು ಹರಿಯುವ ದಿಕ್ಕಿನಲ್ಲಿ ಜಿಐ ಮೊದಲು, ತಾಮ್ರ ಆಮೇಲೆ ಇದ್ದರೆ ಇಷ್ಟು ಕಾಟ ಇಲ್ಲ.

ಈಗ ಹಿತ್ತಾಳೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಯಾವ ಪೈಪ್ ಇದ್ದರೂ ಹಿತ್ತಾಳೆ ಇದ್ದೇ ಇರುತ್ತದೆ. ಸಿಪಿವಿಸಿ, ಅಂದರೆ ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್, ಅದರ ಎಲ್ಬೋ ಬಾಯಲ್ಲಿ ಕಾಣುವ ಹಳದಿ ಥ್ರೆಡ್ ಹಿತ್ತಾಳೆ. ಹೊಳೆಯುವ ನಲ್ಲಿಯ ಹೊಟ್ಟೆಯೊಳಗೆ ಇರುವುದೂ ಹಿತ್ತಾಳೆ, ಮೇಲೆ ನಿಕ್ಕಲ್, ಅದರ ಮೇಲೆ ತೆಳ್ಳಗೆ ಕ್ರೋಮಿಯಂ. ನಮಗೆ ಸಿಗುವ ಫಿಟ್ಟಿಂಗ್‌ಗಳಲ್ಲಿ ಬಹಳಷ್ಟು ಗುಜರಾತಿನ ಜಾಮ್‌ನಗರದಿಂದ ಬರುತ್ತವೆ, ಆ ಊರು ಹಿತ್ತಾಳೆ ಬಿಡಿಭಾಗಗಳಿಗೇ ಹೆಸರಾದದ್ದು.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ತಿರುಗಣೆ ಯಂತ್ರದಲ್ಲಿ ಸಲೀಸಾಗಿ ಕೊರೆಯಲಿ ಅಂತ ಅದಕ್ಕೆ ನೂರಕ್ಕೆ ಎರಡರಿಂದ ಮೂರೂವರೆಯಷ್ಟು ಸೀಸ ಸೇರಿಸುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಥ್ರೆಡ್ ಚೊಕ್ಕವಾಗಿ ಬರುತ್ತದೆ, ಬಿಚ್ಚಿ ಮತ್ತೆ ಹಾಕಬಹುದು. ಹಾಗಾದರೆ ತೊಂದರೆ ಏನು? ಮೂರು ಇವೆ.

ಮೊದಲನೆಯದು ಈ ನಿಪ್ಪಲ್ ನೋಡಿದರೆ ಗೊತ್ತಾಗುತ್ತದೆ. ಆಕಾರ ಪೂರ್ತಿ ಇದೆ. ಮೇಲೆ ಬಿಳಿ ಪುಡಿ ಕಟ್ಟಿದೆ, ಸುಣ್ಣದ ಹಾಗೆ. ಉಗುರಿನಲ್ಲಿ ಕೆರೆದರೆ ಕೆಳಗೆ ಹಳದಿ ಕಾಣುವುದಿಲ್ಲ, ಹೊಸ ಇಟ್ಟಿಗೆಯಂಥ ಗುಲಾಬಿ ಕೆಂಪು ಕಾಣುತ್ತದೆ. ನೋಡಿ, ಕೈಯಲ್ಲೇ ಮುರಿಯುತ್ತೇನೆ. ಬಿಸ್ಕತ್ತಿನ ಹಾಗೆ ಮುರಿಯಿತು. ನೀರು ಒಳಗಿನ ಸತುವನ್ನು ಮಾತ್ರ ಎಳೆದುಕೊಂಡು ಹೋಗಿದೆ, ಉಳಿದಿರುವುದು ಜೇನುಹುಟ್ಟಿನಂಥ ಟೊಳ್ಳು ತಾಮ್ರ. ಉಪ್ಪಿನಂಶ ಜಾಸ್ತಿ ಇರುವ ನೀರಿನಲ್ಲಿ, ನಿಂತ ನೀರಿನಲ್ಲಿ, ಬಿಸಿನೀರಿನಲ್ಲಿ ಇದು ಬೇಗ ಆಗುತ್ತದೆ. ಸತು ಹೆಚ್ಚು ಸೇರಿಸಿದ ಅಗ್ಗದ ಹಿತ್ತಾಳೆಯಲ್ಲಿ ಇನ್ನೂ ಬೇಗ. ಹೊರಗೆ ಬಿಳಿ ಪುಡಿ ಕಂಡರೆ ಬರೀ ಒರೆಸಿ ಸುಮ್ನೆ ಆಗಬೇಡಿ. ಇದನ್ನು ತಡೆಯುವ ಹಿತ್ತಾಳೆ ಎಂದೇ ಒಂದು ಜಾತಿ ಇದೆ, ಡಿಝಡ್‌ಆರ್ ಅಂತ ಕರೆಯುತ್ತಾರೆ. ಅದರಲ್ಲಿ ತಾಮ್ರದ ಪಾಲು ಹೆಚ್ಚು, ಜೊತೆಗೆ ಚಿಟಿಕೆಯಷ್ಟು ಆರ್ಸೆನಿಕ್ ಬೆರೆಸಿ ಸತು ಓಡಿಹೋಗದಂತೆ ಕಟ್ಟಿಹಾಕಿರುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಲೋಹದೊಳಗೆ ಬಂಧಿ. ಗೋಡೆಯೊಳಗೆ ಮುಚ್ಚಿಹೋಗುವ ಫಿಟ್ಟಿಂಗ್ ಆದರೆ ಇದನ್ನೇ ಕೇಳಿ ತನ್ನಿ.

ಎರಡನೆಯದು ಬಿರುಕು. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಬ್ರಿಟಿಷರ ಸೈನ್ಯ ಇಲ್ಲಿದ್ದಾಗ ಮಳೆಗಾಲದಲ್ಲಿ ಓಡಾಟ ಕಡಿಮೆ. ಹಾಗಾಗಿ ಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ತೋಟೆಗಳು ಸೀಳು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಬಡಿದಿಲ್ಲ. ಮಳೆಗಾಲಕ್ಕೆ ಆಗುವುದರಿಂದ ಅದಕ್ಕೆ ಋತುವಿನ ಬಿರುಕು ಎಂದೇ ಹೆಸರು ಬಿತ್ತು. ಕಾರಣ ಬಿಡಿಸಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಒಂದು ಕಡೆ, ತೋಟೆ ಮಾಡುವಾಗ ಎಳೆದು ಹಿಗ್ಗಿಸಿದ ಬಿಗಿ ಲೋಹದೊಳಗೇ ಉಳಿದದ್ದು ಇನ್ನೊಂದು ಕಡೆ. ಎರಡೂ ಸೇರಿದರೆ ಹಿತ್ತಾಳೆ ಸೀಳುತ್ತದೆ.

ಈಗ ನಮ್ಮ ಬಚ್ಚಲಿಗೆ ಬನ್ನಿ. ಅಮೋನಿಯಾ ಇದೆಯಾ? ಶೌಚಾಲಯದ ಮೂಲೆ, ಕೆಲವು ಕ್ಲೀನಿಂಗ್ ದ್ರಾವಣ, ಇವೆ. ಬಿಗಿ ಇದೆಯಾ? ಎರಡಡಿ ಉದ್ದದ ಪೈಪ್ ರೆಂಚ್ ಹಿಡಿದು ಪೂರ್ತಿ ಮೈಭಾರ ಹಾಕಿ ತಿರುಗಿಸಿದ ಸಾಕೆಟ್ ಇದೆ. ಮೇಲಿಂದ ಟೆಫ್ಲಾನ್ ಟೇಪ್ ಇಪ್ಪತ್ತು ಸುತ್ತು. ಆ ಟೇಪ್ ಬೆಣೆಯ ಹಾಗೆ ಒಳಗಿನಿಂದ ಒತ್ತುತ್ತಿರುತ್ತದೆ. ಎಷ್ಟೋ ಸಲ ರಾತ್ರಿ ಯಾರೂ ಮುಟ್ಟದೆ ಆಂಗಲ್ ಕಾಕ್, ಅಂದರೆ ಗೋಡೆಯಿಂದ ಕನೆಕ್ಷನ್ ಪೈಪಿಗೆ ನೀರು ಬಿಡುವ ಪುಟ್ಟ ನಲ್ಲಿ, ಸೀಳಿ ಮನೆಯೆಲ್ಲ ನೀರಾಗುವುದಕ್ಕೆ ಕಾರಣ ಹಿಂದಿನ ವರ್ಷ ಹಾಕಿದ ಈ ಬಿಗಿ. ಕೈಯಲ್ಲಿ ತಿರುಗಿಸಿ, ನಿಂತ ಮೇಲೆ ರೆಂಚಿನಲ್ಲಿ ಒಂದರಿಂದ ಎರಡು ಸುತ್ತು. ಸಾಕು. ಮನೆಯೊಳಗಿನ ಒತ್ತಡ ಅಷ್ಟೇನೂ ಇಲ್ಲ. ನೀರು ಹತ್ತು ಮೀಟರ್ ಎತ್ತರದಲ್ಲಿ ನಿಂತರೆ ಸುಮಾರು ಒಂದು ಬಾರ್, ಎರಡು ಅಂತಸ್ತಿನ ಮನೆಯಲ್ಲಿ ತಾರಸಿಯ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವುದು ಅಷ್ಟೇ. ಅದನ್ನು ತಡೆಯಲು ಯಾರೂ ಮೈಭಾರ ಹಾಕಬೇಕಿಲ್ಲ.

ಮೂರನೆಯದು ಸೀಸ, ಇದರ ಬಗ್ಗೆ ನಮ್ಮ ಕಡೆ ಯಾರೂ ಮಾತೇ ಆಡುವುದಿಲ್ಲ, ನನಗೆ ಇದು ನಿಜವಾಗಿ ಬೇಸರದ ವಿಷಯ. ಹೊಸ ಹಿತ್ತಾಳೆಯಲ್ಲಿ ರಾತ್ರಿಯೆಲ್ಲ ನಿಂತ ನೀರಿಗೆ ಸ್ವಲ್ಪ ಸೀಸ ಇಳಿಯುತ್ತದೆ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಒಂದು ಲೀಟರ್‌ನಲ್ಲಿ 0.01 ಮಿಲಿಗ್ರಾಂ ದಾಟಬಾರದು. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರು ತಾಗುವ ಫಿಟ್ಟಿಂಗ್‌ನ ಒಳಮೈಯಲ್ಲಿ ಸೀಸ ಸರಾಸರಿ ನೂರಕ್ಕೆ 0.25 ದಾಟುವಂತಿಲ್ಲ, ಅದಕ್ಕೂ ಮೊದಲು 8ರವರೆಗೆ ಅವಕಾಶ ಇತ್ತು. ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ರೂಢಿ ಮಾಡಿಕೊಳ್ಳಿ. ಬೆಳಗ್ಗೆ ಅಡುಗೆಮನೆ ನಲ್ಲಿಯ ಮೊದಲ ಬಕೆಟ್ ನೀರು ಪಾತ್ರೆಗೋ ಗಿಡಕ್ಕೋ ಹೋಗಲಿ, ಆಮೇಲೆ ಬಿಂದಿಗೆ ಹಿಡಿಯಿರಿ. ಬಿಸಿನೀರಿನ ನಲ್ಲಿಯಿಂದ ಹಿಡಿದು ಅಡುಗೆಗೆ ಇಡಬೇಡಿ, ಬಿಸಿ ಇದ್ದಷ್ಟೂ ಹೆಚ್ಚು ಕರಗುತ್ತದೆ. ಹಾಗೆಯೇ ಆರ್‌ಒ ಯಂತ್ರದಿಂದ ಹೊರಬರುವ ನೀರಿನ ದಾರಿಯಲ್ಲಿ ಹಿತ್ತಾಳೆ, ತಾಮ್ರ ಎರಡೂ ಬೇಡ. ಆ ನೀರಿನಲ್ಲಿ ಖನಿಜ ಇಲ್ಲದ್ದರಿಂದ ಅದು ಮುಟ್ಟಿದ ಲೋಹವನ್ನು ಎಳೆದುಕೊಳ್ಳುತ್ತದೆ.

ಹಿತ್ತಾಳೆ ಹೌದೋ ಅಲ್ಲವೋ ಅಂಗಡಿಯಲ್ಲೇ ನೋಡುವುದು ಹೇಗೆ ಎಂದು ಎಲ್ಲರೂ ಕೇಳುತ್ತೀರಿ. ಕ್ರೋಮ್ ಹಾಕಿದ ಎಕ್ಸ್‌ಟೆನ್ಷನ್ ನಿಪ್ಪಲ್ ತೆಗೆದುಕೊಂಡು ಮೊದಲು ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಕಬ್ಬಿಣ. ಅಂಟದಿದ್ದರೆ ಒಳಭಾಗದ ಥ್ರೆಡ್ ನೋಡಿ, ಅಲ್ಲಿ ಕ್ರೋಮ್ ಸರಿಯಾಗಿ ಕೂತಿರುವುದಿಲ್ಲ, ಬೀಗದ ಕೈಯಲ್ಲಿ ಒಂದು ಗೀರು ಹಾಕಿದರೆ ಸಾಕು. ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಸತುವಿನ ಮಿಶ್ರಲೋಹ, ಅಂಗಡಿಯವರು ವೈಟ್ ಮೆಟಲ್ ಅನ್ನುತ್ತಾರೆ. ಅಚ್ಚಿಗೆ ಹೊಯ್ದು ಮಾಡುವ ಈ ವೈಟ್ ಮೆಟಲ್ ನಲ್ಲಿಯ ಹಿಡಿಕೆಗೆ, ಶವರ್‌ನ ಅಲಂಕಾರದ ತಟ್ಟೆಗೆ ಆಗುತ್ತದೆ. ನೀರಿನ ಒತ್ತಡ ಹೊರುವ ಜಾಗಕ್ಕೆ ಆಗುವುದಿಲ್ಲ. ಕೈಯಲ್ಲಿ ತೂಗಿದರೂ ಗೊತ್ತಾಗುತ್ತದೆ, ಅದೇ ಗಾತ್ರದ ಹಿತ್ತಾಳೆ ಅದಕ್ಕಿಂತ ಕಾಲುಭಾಗ ಹೆಚ್ಚು ಭಾರ.

ಗನ್ ಮೆಟಲ್ ಬಗ್ಗೆ ಎರಡೇ ಮಾತು. ಇದು ಕಂಚಿನ ಜಾತಿ, ತಾಮ್ರಕ್ಕೆ ತವರ, ಸ್ವಲ್ಪ ಸತು ಸೇರಿಸಿದ್ದು. ಹಿಂದೆ ಫಿರಂಗಿ ಎರಕ ಹೊಯ್ಯುತ್ತಿದ್ದರು, ಹೆಸರು ಅಲ್ಲಿಂದಲೇ ಬಂತು. ಸತು ಓಡಿಹೋಗುವ ಕಾಯಿಲೆ ಇದಕ್ಕೆ ಇಲ್ಲವೆಂದೇ ಹೇಳಬಹುದು. ಟ್ಯಾಂಕಿನಿಂದ ಇಳಿಯುವ ಮುಖ್ಯ ವಾಲ್ವ್‌ಗೆ ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ.

ತಾಮ್ರ ನಮಗೆ ಹೊಸದಲ್ಲ, ಬಚ್ಚಲಿನ ಹಂಡೆ ನೋಡಿ ಬೆಳೆದವರು ನಾವು. ಪೈಪಾಗಿ ಮಾತ್ರ ನಮ್ಮ ಮನೆಗಳಿಗೆ ಹೆಚ್ಚು ಬರಲಿಲ್ಲ, ಎಸಿ ಲೈನಿಗೆ ಸೀಮಿತವಾಯಿತು. ಬ್ರಿಟನ್, ಅಮೆರಿಕದಲ್ಲಿ ದಶಕಗಳ ಕಾಲ ಮನೆಯ ನೀರಿನ ಪೈಪೆಂದರೆ ತಾಮ್ರವೇ. ಅಲ್ಲಿ ಥ್ರೆಡ್ ಇಲ್ಲ, ಪೈಪನ್ನು ಫಿಟ್ಟಿಂಗ್ ಒಳಗೆ ತೂರಿಸಿ ಬಿಸಿ ಮಾಡಿ ಬೆಸುಗೆ ತಾಗಿಸಿದರೆ ಕರಗಿದ ಬೆಸುಗೆ ಆ ಕೂದಲೆಳೆಯ ಸಂದಿಗೆ ತಾನೇ ಎಳೆದುಕೊಂಡು ಹೋಗುತ್ತದೆ. ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ. ನೋಡಲು ಚೆಂದ. ಸರಿಯಾಗಿ ಮಾಡಿದ ತಾಮ್ರದ ಜಾಯಿಂಟ್ ನಮ್ಮ ಆಯಸ್ಸಿಗಿಂತ ಹೆಚ್ಚು ಬಾಳುತ್ತದೆ. ಆದರೆ ನೀರು ಹುಳಿ ಸ್ವಭಾವದ್ದಾಗಿದ್ದರೆ ಬೇಡ. ಕರಾವಳಿ ಕಡೆಯ ಕೆಂಪು ಮುರಕಲ್ಲಿನ ಬಾವಿಗಳ ನೀರು ಮೆದು, ಎಷ್ಟೋ ಕಡೆ ಸ್ವಲ್ಪ ಹುಳಿ ಕೂಡ. ಹುಣಸೆಹಣ್ಣು ಹಾಕಿ ಉಜ್ಜಿದರೆ ತಾಮ್ರದ ಚೊಂಬು ಯಾಕೆ ಫಳಫಳ ಅನ್ನುತ್ತದೆ? ಮೇಲಿನ ಕಪ್ಪು ಪದರವನ್ನು ಹುಳಿ ತಿಂದು ಹಾಕುತ್ತದೆ. ಪೈಪಿನೊಳಗೆ ಅದೇ ಪದರ ತಾಮ್ರವನ್ನು ಕಾಯುತ್ತಿರುವುದು. ಹುಳಿ ನೀರು ಅದನ್ನು ದಿನಾ ಉಜ್ಜುತ್ತಾ ಹೋಗುತ್ತದೆ. ವಾಶ್ ಬೇಸಿನ್‌ನಲ್ಲಿ ನೀಲಿ ಹಸಿರು ಕಲೆ ಬಿದ್ದರೆ ಅದು ಪೈಪಿನ ಕಿಲುಬು.

ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್. ಈಗ ಎಲ್ಲರಿಗೂ ಇದರ ಮೇಲೆ ಒಲವು. ನನಗೂ ಇದೆ, ಆದರೆ ಯಾವ ಸ್ಟೀಲ್ ಎಂದು ಕೇಳದೆ ಕೊಳ್ಳಬೇಡಿ. 304 ಎಂದರೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 316ರಲ್ಲಿ ಇವುಗಳ ಜೊತೆ 2ರಿಂದ 3 ಪಾಲು ಮಾಲಿಬ್ಡಿನಂ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಅಗ್ಗದ ಮ್ಯಾಂಗನೀಸ್ ತುಂಬಿರುತ್ತಾರೆ. ಮೂರೂ ಅಂಗಡಿಯ ದೀಪದ ಕೆಳಗೆ ಒಂದೇ ಥರ ಹೊಳೆಯುತ್ತವೆ. ಆಯಸ್ಕಾಂತ ಇಲ್ಲಿ ಕೈಕೊಡುತ್ತದೆ, 202ಕ್ಕೂ ಅದು ಅಂಟುವುದಿಲ್ಲ. ಬಗ್ಗಿಸಿ ಎಳೆದ ಅಸಲಿ 304ಕ್ಕೆ ಒಮ್ಮೊಮ್ಮೆ ಸ್ವಲ್ಪ ಅಂಟುತ್ತದೆ. ಹಾಗಾಗಿ ಮೈಮೇಲೆ ಗ್ರೇಡ್ ಕೊರೆದಿರುವುದನ್ನೇ ಕೊಳ್ಳಿ, ಬಿಲ್ಲಿನಲ್ಲೂ ಗ್ರೇಡ್ ಬರೆಸಿ.

ಸ್ಟೀಲಿನ ಶತ್ರು ಕ್ಲೋರೈಡ್, ನಾವು ಉಪ್ಪು ನೀರು ಎನ್ನುತ್ತೇವಲ್ಲ, ಅದರಲ್ಲಿ ಇರುವಂಥದ್ದು. ಮಾಮೂಲಿ ತಣ್ಣೀರಿನಲ್ಲಿ ಲೀಟರ್‌ಗೆ 200 ಮಿಲಿಗ್ರಾಂವರೆಗೆ 304 ತಡೆಯುತ್ತದೆ, ಅದರ ಮೇಲೆ 316 ಬೇಕು ಎಂಬುದು ರೂಢಿಯ ಲೆಕ್ಕ. ಬಿಸಿನೀರಿಗೆ ಇದನ್ನು ಇನ್ನೂ ಕೆಳಗೆ ಇಳಿಸಿ. ಆಳದ ಬೋರ್‌ವೆಲ್ ನೀರು ಬಳಸುವವರು ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ನೀರಿನಲ್ಲಿ ಕರಗಿರುವುದರ ಒಟ್ಟು ಪ್ರಮಾಣವನ್ನಷ್ಟೇ ತೋರಿಸುವ ಟಿಡಿಎಸ್ ಮೀಟರನ್ನು ಸುಮ್ನೆ ಅದ್ದಿ ನೋಡಿದರೆ ಸಾಲದು, ಕ್ಲೋರೈಡ್, ಗಡಸುತನ, ನೀರು ಎಷ್ಟು ಹುಳಿ ಎಂದು ಹೇಳುವ ಪಿಎಚ್, ಮೂರೂ ಬರೆದ ರಿಪೋರ್ಟ್ ಬೇಕು. ಕಾವೇರಿ ನೀರು ಬರುವ ಮನೆ ಮತ್ತು ಪಕ್ಕದ ಬೀದಿಯ ಬೋರ್‌ವೆಲ್ ಮನೆ ಒಂದೇ ಫಿಟ್ಟಿಂಗ್ ಹಾಕಿದರೂ ಒಂದೇ ಥರ ಬಾಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಎರಡೂ ನೀರು ಒಂದೇ ಸಂಪಿಗೆ ಬೀಳುತ್ತವೆ. ಅಲ್ಲಿ ಬೋರ್‌ವೆಲ್ ನೀರನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಶತ್ರುವನ್ನು ನಾವೇ ಮನೆಯೊಳಗೆ ತರುತ್ತೇವೆ. ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚೆ, ಎಲ್ಲ ನಲ್ಲಿ ಕೂರಿಸಿ ಆದಮೇಲೆ, ಟೈಲ್ಸ್ ಮೇಲಿನ ಸಿಮೆಂಟ್ ಕಲೆ ಹೋಗಲಿ ಎಂದು ಆಸಿಡ್ ಹಾಕಿ ಉಜ್ಜಿಸುತ್ತೀರಿ. ಆ ಹೊಗೆ ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ರಾತ್ರಿಯೆಲ್ಲ ನಿಲ್ಲುತ್ತದೆ. ಮೂರೇ ತಿಂಗಳಲ್ಲಿ ಕ್ರೋಮ್ ಚುಕ್ಕೆ ಚುಕ್ಕೆಯಾಗುತ್ತದೆ, ಗೀಸರ್‌ನ ಹೆಣೆದ ತಂತಿಯ ಕನೆಕ್ಷನ್ ಪೈಪ್ ಕಂದಾಗುತ್ತದೆ. ಆ ಪೈಪಿನೊಳಗೆ ಇರುವುದು ಬರೀ ರಬ್ಬರ್, ಒತ್ತಡ ಹೊರುವುದು ಹೊರಗಿನ ತಂತಿ. ತಂತಿ ಒಂದೊಂದೇ ಕಡಿದರೆ ರಬ್ಬರ್ ಉಬ್ಬಿ ಒಡೆಯುತ್ತದೆ. ಆಸಿಡ್ ಕೆಲಸ ಮೊದಲು ಮುಗಿಸಿ, ಚೆನ್ನಾಗಿ ನೀರು ಹೊಯ್ದು ತೊಳೆದು, ಆಮೇಲೆ ನಲ್ಲಿ ಕೂರಿಸಿ. ಕನೆಕ್ಷನ್ ಪೈಪಿನ ಮೇಲೆ ತಿಂಗಳಿಗೊಮ್ಮೆ ಕೈಯಾಡಿಸಿ, ಚುಚ್ಚಿದರೆ ಬದಲಾಯಿಸಿ.

ಹಾಗಾದರೆ ನಿಮ್ಮ ಮನೆಗೆ ನೀವು ಏನು ಹಾಕುತ್ತೀರಿ ಎಂದು ಒಬ್ಬರು ಕೇಳಿದರು. 2019ರಲ್ಲಿ ಇಡೀ ಲೈನ್ ಬದಲಾಯಿಸಿದಾಗ ಗೋಡೆಯೊಳಗೆ ಸಿಪಿವಿಸಿ ಹಾಕಿದೆ, ನಲ್ಲಿಯ ತುದಿಗಳಲ್ಲೆಲ್ಲ ಹಿತ್ತಾಳೆ ಥ್ರೆಡ್ ಕೂರಿಸಿದ ಎಲ್ಬೋ. ಬರೀ ಪ್ಲಾಸ್ಟಿಕ್ ಥ್ರೆಡ್‌ಗೆ ಲೋಹದ ನಲ್ಲಿ ತಿರುಗಿಸಿದರೆ ಅದು ಇವತ್ತಲ್ಲ ನಾಳೆ ಸೀಳುತ್ತದೆ. ಸೋಲಾರ್ ಮತ್ತು ಗೀಸರ್ ಬಾಯಿಗೆ ಹಿತ್ತಾಳೆ ನಿಪ್ಪಲ್, ತಾರಸಿಯ ವಾಲ್ವ್‌ಗಳು ಗನ್ ಮೆಟಲ್, ಪ್ರತಿ ಬಚ್ಚಲಿಗೂ ಕೈಗೆ ಸಿಗುವ ಜಾಗದಲ್ಲಿ ಒಂದು ಬಾಲ್ ವಾಲ್ವ್. ಜಿಐ ಒಂದೇ ಕಡೆ ಇದೆ, ತಾರಸಿಯ ಮೇಲೆ, ಬಿಸಿಲಿಗೆ ನಿಲ್ಲಬೇಕಾದ ತಣ್ಣೀರಿನ ಲೈನ್. ಅದು ಕಣ್ಣಿಗೆ ಕಾಣುತ್ತದೆ, ಸೋರಿದರೆ ಗೊತ್ತಾಗುತ್ತದೆ.

ಇನ್ನೊಬ್ಬರ ಪ್ರಶ್ನೆ ಬೇರೆ ಥರದ್ದು. ಅವರ ಅಳಿಯ ಅಮೆರಿಕದಿಂದ ಚೆಂದದ ಅಡುಗೆಮನೆ ನಲ್ಲಿ ತಂದಿದ್ದಾರೆ, ಪ್ಲಂಬರ್ ಎಷ್ಟು ಟೇಪ್ ಸುತ್ತಿದರೂ ಜಿನುಗುವುದು ನಿಲ್ಲುತ್ತಿಲ್ಲ. ಅದು ಪ್ಲಂಬರ್ ತಪ್ಪಲ್ಲ. ನಮ್ಮ ಥ್ರೆಡ್ ಬ್ರಿಟಿಷ್ ಪದ್ಧತಿಯದು, ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ್ದು 60 ಡಿಗ್ರಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡೂ ಪದ್ಧತಿಗೆ ಇಂಚಿಗೆ 14 ಹಲ್ಲು, ಅದಕ್ಕೇ ಒಂದೆರಡು ಸುತ್ತು ಸಲೀಸಾಗಿ ಕಚ್ಚಿಕೊಂಡು ಸರಿ ಹೋಯಿತು ಅನ್ನಿಸುತ್ತದೆ. ಹಲ್ಲಿಗೆ ಹಲ್ಲು ಕೂತಿರುವುದಿಲ್ಲ. ಒಂದು ಕಡೆ ಅಮೆರಿಕದ ಥ್ರೆಡ್, ಇನ್ನೊಂದು ಕಡೆ ನಮ್ಮದು ಇರುವ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಅದನ್ನು ತರಿಸಿ. ಜಿನುಗುವುದನ್ನು ಹಾಗೇ ಬಿಡಬೇಡಿ. ಸೆಕೆಂಡಿಗೊಂದು ಹನಿ ಅಂದರೂ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಲೆಕ್ಕದಲ್ಲಿ, ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ. ಅದೆಲ್ಲ ಗ್ರಾನೈಟ್ ಕೆಳಗಿನ ಮರದ ಕಪಾಟಿಗೆ ಇಳಿಯುವುದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರದು. "ಏನಪ್ಪಾ, ನಮ್ಮನೇಲಿ ಅತ್ತೆ ಕಾಲದ ತಾಮ್ರದ ಹಂಡೆ ಇದೆ, ಅದರ ನಲ್ಲಿ ಸೋರ್ತಾ ಇದೆ. ಪ್ಲಂಬರ್ ಬಂದು ಒಂದು ಕಬ್ಬಿಣದ ನಿಪ್ಪಲ್ ಹಾಕಿ ಸ್ಟೀಲ್ ನಲ್ಲಿ ಕೂರಿಸ್ತೀನಿ ಅಂದ. ಹಾಕಿಸ್ಲಾ ಬೇಡ್ವಾ?"

ಬೇಡಮ್ಮ. ಇಷ್ಟು ಹೊತ್ತು ನಾನು ಹೇಳಿದ ಎಲ್ಲ ತಪ್ಪೂ ಆ ಒಂದು ನಿಪ್ಪಲ್‌ನಲ್ಲಿ ಸೇರುತ್ತದೆ. ಒಂದು ಕಡೆ ಅಷ್ಟು ದೊಡ್ಡ ತಾಮ್ರ, ಇನ್ನೊಂದು ಕಡೆ ಸ್ಟೀಲು, ನಡುವೆ ಚೂರು ಕಬ್ಬಿಣ, ಒಳಗೆ ಬಿಸಿನೀರು. ಹಳೇ ಹಿತ್ತಾಳೆ ನಲ್ಲಿಯನ್ನು ಎಸೆಯಬೇಡಿ, ಹೆಚ್ಚಿನ ಸಲ ಒಳಗಿನ ತಿರುಗುವ ಕೊರಡು ಸವೆದಿರುತ್ತದೆ ಅಷ್ಟೇ, ನುಣ್ಣಗೆ ಉಜ್ಜಿ ಕೂರಿಸಿದರೆ ಸೋರುವುದು ನಿಲ್ಲುತ್ತದೆ. ಬದಲಾಯಿಸಲೇಬೇಕಾದರೆ ಹಿತ್ತಾಳೆಗೆ ಹಿತ್ತಾಳೆಯನ್ನೇ ಹಾಕಿಸಿ. ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ, ಹಾಗಾಗಿ ಆ ನೀರು ಸ್ನಾನಕ್ಕೆ ಮಾತ್ರ ಇರಲಿ, ಅಡುಗೆಗೆ ಬೇಡ. ಬಿಚ್ಚುವವರಿಗೆ ಒಂದು ಮಾತು ಹೇಳಿ. ನಲ್ಲಿ ತಿರುಗಿಸುವಾಗ ಹಂಡೆಗೆ ಬೆಸೆದಿರುವ ಬುಡವನ್ನು ಇನ್ನೊಂದು ರೆಂಚಿನಲ್ಲಿ ಬಿಗಿಯಾಗಿ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಅಷ್ಟು ವರ್ಷ ಬೆಂಕಿ ಕಂಡ ತೆಳು ತಾಮ್ರ ನಲ್ಲಿಯ ಜೊತೆಗೇ ತಿರುಚಿಕೊಂಡು ಬರುತ್ತದೆ.